ಆರಂಗುಲದ ಮೆಟ್ಟಿಲು

ನಾನು ಕಟ್ಟಡಗಳ ಪ್ಲಾನ್ ಬರೆಯುವವಳು. ಡಿಪ್ಲೊಮಾ ಮುಗಿಸಿದಂದಿನಿಂದ ಕೊಳ್ಳೇಗಾಲದ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಇದೇ ಕೆಲಸ. ಮೊದಲು ದೊಡ್ಡ ಮೇಜಿನ ಮೇಲೆ ಹಾಳೆ ಹಾಸಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಜಾಗಕ್ಕೆ ಹೋಗುವುದು, ಮಾಲೀಕರ ಹತ್ತಿರ ಮಾತಾಡುವುದು, ರುಜು ಹಾಕುವುದು ಎಂಜಿನಿಯರರಿಗೆ ಸೇರಿದ್ದು. ಅವರು ಒಂದು ಚೀಟಿಯಲ್ಲಿ ಅಳತೆ ಗೀಚಿಕೊಂಡು ಬಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ನಾನು ಅದನ್ನು ಮನೆಯೋ ಅಂಗಡಿಯೋ ಮಾಡುತ್ತೇನೆ. ಹನೂರು, ಯಳಂದೂರಿನವರೆಗೂ ನಾನು ಬರೆದ ಕಟ್ಟಡಗಳಿವೆ. ಅವುಗಳಲ್ಲಿ ಬಹಳಷ್ಟನ್ನು ನಾನು ನೋಡಿಯೇ ಇಲ್ಲ.

ಮದುವೆ ಆಗಲಿಲ್ಲ. ಅವ್ವ ಇರುವವರೆಗೆ ಸತ್ತೇಗಾಲದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಅಲ್ಲಿಗೆ ಹೋಗಿ ಬರುವುದಕ್ಕೆ ಕಾರಣ ಉಳಿಯಲಿಲ್ಲ. ಕೊಳ್ಳೇಗಾಲದಲ್ಲೇ ಒಂದು ಮನೆಯ ಮಹಡಿಯ ಮೇಲೆ ರೂಮು ಹಿಡಿದೆ. ಬೆಳಿಗ್ಗೆ ಒಂದು ಪಾವು ಅಕ್ಕಿ ಇಟ್ಟರೆ ಎರಡು ಹೊತ್ತಿಗೂ ಆಗಿ ಮಿಗುತ್ತಿತ್ತು. ಆಫೀಸಿಗೆ ಬರುವವರು ನನ್ನ ಹತ್ತಿರ ಮಾತಾಡುತ್ತಿದ್ದರು, ಇಲ್ಲವೆನ್ನಲಾರೆ. ಅಡುಗೆಮನೆ ಆಗ್ನೇಯಕ್ಕೆ ಬರಲಿ, ದೇವರಮನೆ ಈಶಾನ್ಯಕ್ಕೆ ಬರಲಿ, ಬಾಗಿಲು ಬೀದಿ ನೋಡಲಿ, ಇಂಥ ಮಾತು. ಎಷ್ಟೋ ದಿನ ಅವಿಷ್ಟನ್ನು ಬಿಟ್ಟು ಬೇರೆ ಮಾತೇ ನನ್ನ ಕಿವಿಗೆ ಬಿದ್ದಿರುತ್ತಿರಲಿಲ್ಲ.

ಒಂದು ದಿನ ಮಾಂಬಳ್ಳಿಯವರೊಬ್ಬರು ಮನೆ ಪ್ಲಾನಿಗೆಂದು ಬಂದು ಎಂಜಿನಿಯರರಿಗೆ ಕಾಯುತ್ತಾ ಕೂತಿದ್ದರು. ಕಾಯುವವರು ಏನಾದರೂ ಹೇಳುತ್ತಾರಲ್ಲ, ಹಾಗೆ ಹೇಳಿದರು: ನೀವು ನಮ್ಮೂರಲ್ಲಿ ಮಾಡಿಕೊಟ್ಟ ರೇಷ್ಮೆ ಶೆಡ್ಡು ಚೆನ್ನಾಗಿದೆ, ಗಾಳಿ ಬೆಳಕು ಒಳ್ಳೆಯದು, ಆದರೆ ಪಾಪ, ಒಬ್ಬಳು ಹೆಂಗಸು ಗೂಡು ಬೇಯಿಸಿದ ನೀರು ಹೊತ್ತುಕೊಂಡು ಬರುತ್ತಾ ಮೆಟ್ಟಿಲಲ್ಲಿ ಎಡವಿ ಕಾಲೆಲ್ಲ ಸುಟ್ಟುಕೊಂಡಳು.

ಯಾವ ಮೆಟ್ಟಿಲು ಎಂದು ಕೇಳಿದೆ. ಬೇಯಿಸುವ ಕೋಣೆಯಿಂದ ನೂಲು ತೆಗೆಯುವ ಹಾಲಿಗೆ ಹತ್ತುವ ಮೆಟ್ಟಿಲು ಎಂದರು. ಅಷ್ಟರಲ್ಲಿ ಎಂಜಿನಿಯರರು ಬಂದರು, ಮಾತು ಮನೆಯ ಕಡೆ ತಿರುಗಿತು.

ಅವರೆಲ್ಲ ಹೋದ ಮೇಲೆ ಹಳೆಯ ಫೈಲು ತೆಗೆದು ನೋಡಿದೆ. ಮೆಟ್ಟಿಲು ಅಲ್ಲೇ ಇತ್ತು. ಆ ಜಾಗ ಒಂದು ಕಡೆಗೆ ಇಳಿಜಾರಾಗಿದ್ದದ್ದು, ಮಾಲೀಕರು ಮಣ್ಣು ತುಂಬಿಸಲು ಒಪ್ಪದೆ ಇದ್ದದ್ದು, ಬೇಯಿಸುವ ಕೋಣೆ ಅರ್ಧ ಅಡಿ ತಗ್ಗಿನಲ್ಲಿರಲಿ, ಒಂದು ಮೆಟ್ಟಿಲು ಕೊಟ್ಟುಬಿಡು ಎಂದು ಎಂಜಿನಿಯರರು ಹೇಳಿದ್ದು, ಎಲ್ಲ ನೆನಪಾಯಿತು. ಕೊಟ್ಟುಬಿಟ್ಟಿದ್ದೆ. ಪ್ಲಾನಿನಲ್ಲಿ ಮೆಟ್ಟಿಲು ಎಂದರೆ ಒಂದು ಗೆರೆ, ಪಕ್ಕದಲ್ಲಿ ಆರಂಗುಲ ಎಂದು ಒಂದು ಅಂಕಿ. ಆ ಗೆರೆ ಎಳೆಯಲು ನನಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಆ ಬಾಗಿಲಲ್ಲಿ ಯಾರು ಹೋಗುತ್ತಾರೆ, ಕೈಯಲ್ಲಿ ಏನು ಹಿಡಿದು ಹೋಗುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ರೇಷ್ಮೆ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿಯೇ ನೂಲು ತೆಗೆಯುವುದು ಎನ್ನುವುದು ಈ ಕಡೆಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಗೆರೆ ಎಳೆಯುವ ಹೊತ್ತಿಗೆ ನನ್ನ ನೆರವಿಗೆ ಬರಲಿಲ್ಲ.

ಮಾರನೆಯ ದಿನ ಎಂಜಿನಿಯರರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಕೇಳಿ ಬೇಜಾರು ಮಾಡಿಕೊಂಡರು, ಆಮೇಲೆ ನಮ್ಮ ಪ್ಲಾನಿನಲ್ಲಿ ರೂಲ್ಸ್ ಪ್ರಕಾರ ಏನೂ ತಪ್ಪಿಲ್ಲ, ಮೆಟ್ಟಿಲಿಲ್ಲದ ಕಟ್ಟಡ ಎಲ್ಲಿದೆ ಎಂದರು. ಅವರು ಹೇಳಿದ್ದು ನಿಜ. ಆದರೆ ರಾತ್ರಿ ಅನ್ನ ಕಲಸಿಕೊಂಡು ಕೂತಾಗ ಆ ನಿಜ ನನ್ನ ಜೊತೆ ಕೂರಲಿಲ್ಲ. ಯಾರಿಗಾದರೂ ಇನ್ನೊಮ್ಮೆ ಹೇಳಬೇಕು ಅನ್ನಿಸಿತು. ಕೆಳಗಿನ ಮನೆಯವರಿಗೆ ಹೇಳುವಷ್ಟು ಬಳಕೆ ಇರಲಿಲ್ಲ. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದೆ. ಅರ್ಧಕ್ಕರ್ಧ ಮೇಸ್ತ್ರಿಗಳು, ಸಿಮೆಂಟಿನ ಅಂಗಡಿಯವರು.

ಒಂದು ದಿನ ರಜ ಹಾಕಿ ಯಳಂದೂರಿನ ಬಸ್ಸು ಹತ್ತಿ ಮಾಂಬಳ್ಳಿಯಲ್ಲಿ ಇಳಿದೆ. ಶೆಡ್ಡಿನ ಮಾಲೀಕರು ನನ್ನನ್ನು ಗುರುತು ಹಿಡಿಯಲಿಲ್ಲ. ಪ್ಲಾನ್ ಬರೆದವಳು ಎಂದಮೇಲೆ ಮರ್ಯಾದೆಯಿಂದ ಒಳಗೆ ಕರೆದುಕೊಂಡು ಹೋದರು. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಸಿದ್ದರು. ಮೇಲೆ ಗೋಡೆಯಲ್ಲಿ ‘ನಿಧಾನವಾಗಿ ನಡೆಯಿರಿ’ ಎಂದು ಬರೆಸಿದ್ದರು. ಆ ಹೆಂಗಸನ್ನು ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದದ್ದನ್ನೂ ಹೇಳಿದರು. “ಇಷ್ಟು ಜನ ದಿನಾ ದಾಟ್ತಾರೆ ಮೇಡಂ, ಅವ್ಳೊಬ್ಳೇ ಬಿದ್ದದ್ದು. ನೋಡ್ಕಂಡು ನಡೀಬೇಕಲ್ವ?” ಎಂದರು.

ನಾನು ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತೆ. ಹೆಂಗಸರು ಎರಡು ಕಿವಿಯ ಅಲ್ಯೂಮಿನಿಯಂ ಬೋಸಿಯಲ್ಲಿ ಬೆಂದ ಗೂಡು, ಬಿಸಿನೀರು ತುಂಬಿಕೊಂಡು ಹೊಟ್ಟೆಗೆ ಆನಿಸಿ ಹಿಡಿದು ಬರುತ್ತಿದ್ದರು. ಮುಖಕ್ಕೆ ಹಬೆ ಹೊಡೆಯುತ್ತಿತ್ತು. ಹಾಗೆ ಬೋಸಿ ಹಿಡಿದವಳಿಗೆ ತನ್ನ ಕಾಲೇ ಕಾಣುವುದಿಲ್ಲ, ಹಳದಿ ಬಣ್ಣ ಎಲ್ಲಿಂದ ಕಾಣಬೇಕು? ಮೆಟ್ಟಿಲ ಹತ್ತಿರ ಬಂದಾಗ ಪ್ರತಿಯೊಬ್ಬಳೂ ಒಂದು ಕ್ಷಣ ನಿಂತು, ಬಲಗಾಲಿನ ಬೆರಳಿನಿಂದ ಕಲ್ಲನ್ನು ಮುಟ್ಟಿ ನೋಡಿ, ಆಮೇಲೆ ಮೇಲೆ ಹೆಜ್ಜೆ ಇಡುತ್ತಿದ್ದಳು. ಯಾರೂ ಅವರಿಗೆ ಅದನ್ನು ಕಲಿಸಿರಲಿಲ್ಲ. ಅವರ ಬೆರಳಿನ ಎಣ್ಣೆಗಪ್ಪು ಆ ಮೆಟ್ಟಿಲಿನ ಮುಖದಲ್ಲಿ ಒಂದೇ ಜಾಗದಲ್ಲಿ ಕೂತಿತ್ತು.

ಈ ಮೆಟ್ಟಿಲು ಒಡೆಸಿ ನೆಲವನ್ನೇ ಸಮ ಮಾಡಿಸಬಹುದು ಎಂದು ಮಾಲೀಕರಿಗೆ ಹೇಳಿದೆ. ಒಂದು ಕಾಗದದಲ್ಲಿ ಬರೆದೂ ತೋರಿಸಿದೆ. ಒಲೆಗಳನ್ನೆಲ್ಲ ಕಿತ್ತು ಮತ್ತೆ ಕಟ್ಟಬೇಕು, ಅಷ್ಟು ದಿನ ಕೆಲಸ ನಿಲ್ಲಿಸಿದರೆ ಇವರೆಲ್ಲ ಎಲ್ಲಿಗೆ ಹೋಗಬೇಕು ಎಂದು ಅವರು ಕೇಳಿದರು. ಬರೆದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಬರೆಯುವ ದಿನ ಒಂದು ಗುಂಡಿ ಒತ್ತಿದ್ದರೆ ಆ ಗೆರೆ ಅಳಿಸಿಹೋಗುತ್ತಿತ್ತು. ಈಗ ಅದು ಕಲ್ಲಾಗಿತ್ತು. ಆ ಮೆಟ್ಟಿಲು ಇವತ್ತಿಗೂ ಅಲ್ಲಿದೆ.

ಬಿದ್ದ ಹೆಂಗಸಿನ ಮನೆಯನ್ನು ಅಲ್ಲಿಯವರೇ ತೋರಿಸಿದರು. ಊರಿನ ಕೊನೆಯ ಬೀದಿ, ಶೀಟಿನ ಮನೆ. ಜಗಲಿಯ ಮೇಲೆ ಒಂದು ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಚಾಚಿದ ಕಾಲು ಮೊಣಕಾಲಿಂದ ಕೆಳಗೆ ಬಣ್ಣಗೆಟ್ಟು, ಚರ್ಮ ಬಿಗಿದು ಹೊಳೆಯುತ್ತಿತ್ತು. ಹೆಚ್ಚು ಹೊತ್ತು ನಿಲ್ಲಲಾಗದೆ ಶೆಡ್ಡಿನ ಕೆಲಸ ಬಿಟ್ಟು, ಕೂತು ಮಾಡುವ ಕೆಲಸ ಏನು ಸಿಕ್ಕಿದರೆ ಅದನ್ನು ಮಾಡುತ್ತಿದ್ದಳು.

ನಾನು ಯಾರು ಎಂದು ಹೇಳುವ ಮೊದಲೇ ಅವಳು ಬಿದ್ದ ಕತೆ ಹೇಳಿದಳು. ಕಾಲು ನೋಡಿದವರೆಲ್ಲ ಕೇಳುವುದರಿಂದ ಅದು ಅವಳಿಗೆ ಬಾಯಿಪಾಠವಾಗಿತ್ತು. ಕೊನೆಗೆ, “ನಂದೇ ತೆಪ್ಪು ಕಣಕ್ಕ. ಅವತ್ತು ನನ್ ಗ್ಯಾನ ಎಲ್ಲೋ ಇತ್ತು,” ಎಂದಳು.

“ಆ ಮೆಟ್ಟಿಲು ಬರೆದವಳು ನಾನು,” ಎಂದೆ.

“ಬರ್ದೋರು ಅಂದ್ರ?”

ಕಟ್ಟುವುದಕ್ಕೆ ಮೊದಲು ಕಾಗದದಲ್ಲಿ ಬರೆಯುತ್ತಾರೆ, ಎಲ್ಲಿ ಬಾಗಿಲು, ಎಲ್ಲಿ ಗೋಡೆ ಎಂದು ಅದರಲ್ಲೇ ಆಗಿಬಿಟ್ಟಿರುತ್ತದೆ, ಮೇಸ್ತ್ರಿ ಅದನ್ನು ನೋಡಿಕೊಂಡು ಕಟ್ಟುತ್ತಾನೆ ಎಂದು ವಿವರಿಸಿದೆ. ಅವಳು ಹುಣಸೆಹಣ್ಣನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು.

“ಹಂಗಾರ, ಮೆಟ್ಲಿಲ್ದಂಗೂ ಕಟ್ಟಬೋದಿತ್ತಾ?”

“ಕಟ್ಟಬಹುದಿತ್ತು.”

ಅವಳು ಕೈಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಟ್ಟಳು. ನಾನು ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವೆಲ್ಲ ಆ ಜಗಲಿಯ ಮುಂದೆ ಹಗುರವಾಗಿ ಕಂಡವು.

“ನಾಕು ತಿಂಗ್ಳಿಂದ ನನ್ ಕಾಲ್ನೇ ಬೈಕಂಡು ಕೂತಿವ್ನಿ,” ಎಂದಳು. ದನಿ ಏರಿಸಲಿಲ್ಲ. “ನೀವೀಗ ಓಗಿ.”

ಬಂದುಬಿಟ್ಟೆ.

ಆಮೇಲಿನ ತಿಂಗಳುಗಳಲ್ಲಿ ನನ್ನ ಕಣ್ಣು ಕೆಟ್ಟುಹೋಯಿತು ಎಂದೇ ಹೇಳಬೇಕು. ಎಲ್ಲಿ ಹೋದರೂ ಜನ ಬೀಳುವ ಜಾಗಗಳೇ ಕಾಣುತ್ತಿದ್ದವು. ಬ್ಯಾಂಕಿನ ಬಾಗಿಲು ಹೊರಕ್ಕೆ ತೆರೆದು ನೇರ ಮೆಟ್ಟಿಲ ಮೇಲೆ ಬರುವುದು, ಮಹಡಿಯ ಬಾಲ್ಕನಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕರೆಂಟಿನ ತಂತಿ, ಅಂಗಡಿಯ ಮುಂದೆ ಸಡಿಲವಾದ ಸಂಪಿನ ಮುಚ್ಚಳ. ಆಫೀಸಿನಲ್ಲಿ ಪ್ರತಿ ಪ್ಲಾನಿಗೂ ಒಂದು ಪ್ರಶ್ನೆ ಕೇಳತೊಡಗಿದೆ. ಈ ಸಂಪು ಓಡಾಡುವ ದಾರಿಯಲ್ಲಿ ಯಾಕೆ? ಈ ಮೆಟ್ಟಿಲಿಗೆ ಕೈಹಿಡಿ ಯಾವ ಕಡೆ? ಮಾಲೀಕರಿಗೆ ಮುನಿಸು ಬರುತ್ತಿತ್ತು. ನೀನು ಬಾಯಿ ಬಿಟ್ಟರೆ ಯಾರಾದರೂ ಸಾಯುತ್ತಾರಲ್ಲಮ್ಮ ಎಂದು ಎಂಜಿನಿಯರರು ಒಂದು ದಿನ ನಗುತ್ತಾ ಅಂದರು. ಮರುವಾರ ಅದನ್ನೇ ನಗದೆ ಅಂದರು.

ಸತ್ತೇಗಾಲದಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶಕ್ಕೆ ಹೋಗಿದ್ದೆ. ಅವನು ತನ್ನ ಮನೆಯ ಪ್ಲಾನನ್ನು ನನ್ನ ಹತ್ತಿರ ಬರೆಸಿರಲಿಲ್ಲ, ಮೇಸ್ತ್ರಿಯ ಬಾಯಿಮಾತಿನಲ್ಲೇ ಕಟ್ಟಿಸಿದ್ದ. ಮನೆ ಚೆನ್ನಾಗಿತ್ತು. ಹೆಂಗಸರೆಲ್ಲ ಹೊಸ ಅಡುಗೆಮನೆಯಲ್ಲಿ ನಿಂತು ಹೊಗಳುತ್ತಿದ್ದರು. ಹಿತ್ತಿಲ ಬಾಗಿಲು ದಾಟಿದ ಕೂಡಲೇ ಕಾಲಿಡುವ ಜಾಗದಲ್ಲೇ ಸಂಪು ತೋಡಿಸಿದ್ದರು. ಮೇಲೆ ಒಂದು ತಗಡು. ನನ್ನ ನಾಲಿಗೆ ತಡೆಯಲಿಲ್ಲ. ಈ ಮನೆಯಲ್ಲಿ ಮಗು ಓಡಾಡುವ ಮೊದಲು ಇದನ್ನು ಅಲ್ಲಿಂದ ತೆಗೆಸಿ ಎಂದೆ. ಆ ಮನೆಯ ಸೊಸೆ ಆಗ ಐದು ತಿಂಗಳ ಬಸುರಿ. ಚಿಕ್ಕಮ್ಮ ನನ್ನ ಕೈ ಹಿಡಿದು ಊಟಕ್ಕೆ ಎಳೆದುಕೊಂಡು ಹೋದರು, ದಾರಿಯಲ್ಲಿ ಮೆಲ್ಲಗೆ, “ಒಳ್ಳೇ ದಿನ ಅಂಥಾ ಮಾತಾಡಬಾರ್ದು ಕಣವ್ವ,” ಎಂದರು. ನಾನು ಊಟ ಮಾಡಿ, ತಾಂಬೂಲ ತೆಗೆದುಕೊಂಡು ಸಂಜೆಯ ಬಸ್ಸಿಗೆ ಬಂದೆ. ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕರೆಯಲಿಲ್ಲ. ಸಂಪಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಹಾಕಿಸಿದ್ದಾರೆಂದು ಯಾರೋ ಹೇಳಿದರು. ಅದರಿಂದ ಸಂತೋಷವಾಯಿತೋ ದುಃಖವಾಯಿತೋ ನನಗೆ ತಿಳಿಯಲಿಲ್ಲ.

ಆಷಾಢ ಶುರುವಾಗುವ ಹೊತ್ತಿಗೆ ಎಂಜಿನಿಯರರು ಹೊಸ ಚೀಟಿ ಒಂದನ್ನು ತಂದರು. ಹನೂರಿನಾಚೆ ಅಜ್ಜೀಪುರದ ಹತ್ತಿರ ಹಿಪ್ಪುನೇರಳೆ ಬೆಳೆಯುವ ಒಬ್ಬ ರೈತರು ತಮ್ಮದೇ ನೂಲಿನ ಶೆಡ್ಡು ಕಟ್ಟಿಸಬೇಕೆಂದಿದ್ದರು. ಮಾಂಬಳ್ಳಿಯ ಶೆಡ್ಡನ್ನು ಹೋಗಿ ನೋಡಿಕೊಂಡು ಬಂದಿದ್ದರು. ಅಂಥದ್ದೇ ಬೇಕು ಎಂದಿದ್ದರು. ಜಾಗವೂ ಅದೇ ಥರ ಇಳಿಜಾರು. “ಅದೇ ಪ್ಲಾನ್ ತೆಗೆದು ಹೆಸರು ಬದಲಾಯಿಸು, ಹತ್ತು ನಿಮಿಷದ ಕೆಲಸ,” ಎಂದು ಹೇಳಿ ಎಂಜಿನಿಯರರು ಹೊರಟರು.

ಫೈಲು ತೆರೆದೆ. ಹೆಸರು ಬದಲಾಯಿಸಿದೆ. ಮೆಟ್ಟಿಲಿನ ಗೆರೆ ಅಳಿಸಿದೆ. ಅಳಿಸಿದ ಮೇಲೆ ಅಲ್ಲಿ ಏನು ಬರಬೇಕು ಎಂದು ನನಗೆ ಗೊತ್ತಾಗಲಿಲ್ಲ. ನೆಲ ಸಮ ಮಾಡಿದರೆ ಸಾಕೇ? ಬಾಗಿಲು ಅಷ್ಟೇ ಅಗಲ ಇದ್ದರೆ ಸಾಕೇ? ಬೋಸಿ ಹಿಡಿದು ನಡೆದವಳು ನಾನಲ್ಲ. ಆ ಸಂಜೆಯವರೆಗೆ ಬಿಳಿ ಪರದೆಯನ್ನು ನೋಡುತ್ತಾ ಕೂತಿದ್ದೆ.

ರೈತರಿಗೆ ನಾನೇ ಫೋನು ಮಾಡಿ, ಪ್ಲಾನಿಗೆ ಸ್ವಲ್ಪ ದಿನ ಹಿಡಿಯುತ್ತದೆ ಎಂದೆ. ಅವರಿಗೆ ಅವಸರವೇ ಇರಲಿಲ್ಲ. ಆಷಾಢದಲ್ಲಿ ಪಾಯ ತೆಗೆಯುವುದಿಲ್ಲ, ಶ್ರಾವಣದವರೆಗೆ ನೀವು ಎಷ್ಟು ಬೇಕಾದರೂ ಗೀಚಿಕೊಳ್ಳಿ ಎಂದು ನಕ್ಕರು. ನನ್ನ ಕೆಲಸದಲ್ಲಿ ಬೇರೆಲ್ಲ ತಿಂಗಳೂ ಜನ ತಲೆಯ ಮೇಲೆ ನಿಂತಿರುತ್ತಾರೆ. ಕೆಟ್ಟ ತಿಂಗಳು ಎಂದು ಎಲ್ಲರೂ ಸುಮ್ಮನಿರುವ ಆ ಮೂವತ್ತು ದಿನ ಯೋಚನೆ ಮಾಡುವುದಕ್ಕೆ ಸಿಕ್ಕಿತು.

ಮತ್ತೆ ಮಾಂಬಳ್ಳಿಗೆ ಹೋದೆ. ಬಿದ್ದವಳ ಮನೆಯ ಜಗಲಿಯ ಕೆಳಗೇ ನಿಂತು ವಿಷಯ ಹೇಳಿದೆ. ಇನ್ನೊಂದು ಶೆಡ್ಡು ಕಟ್ಟುತ್ತಾರೆ, ಇನ್ನೂ ಪಾಯ ತೆಗೆದಿಲ್ಲ, ನೀನು ಬಂದು ಆ ಜಾಗದಲ್ಲಿ ನಡೆದು ತೋರಿಸಬೇಕು ಎಂದು ಕೇಳಿಕೊಂಡೆ. ತನಗೆ ಯಾಕೆ ಆ ಉಸಾಬರಿ ಎಂದಳು. ನಾನು ಆ ಜಾಗದ ಅಳತೆಯ ಚೀಟಿಯನ್ನು ಜಗಲಿಯ ಮೇಲೆ ಬಿಡಿಸಿಟ್ಟೆ. ಅವಳು ಅದರ ಮೇಲೆ ಕಣ್ಣಾಡಿಸಿ, “ನಾನೇಳಿದ್ದ ಬರ್ಕಂಡು ಆಮೇಕ ಅಳುಸ್ಬುಡಬಾರ್ದು,” ಎಂದಳು.

“ಕಟ್ಟಿದ ಮೇಲೆ ಅಳಿಸೋಕಾಗಲ್ಲ. ಅದಕ್ಕೇ ಈಗ ಕರೀತಿದ್ದೀನಿ.”

ಹೋಗುವ ದಿನ ಅವಳು ತನ್ನ ಮನೆಯ ಬೋಸಿಯನ್ನು ತಂದಿದ್ದಳು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಬೋಸಿ ಅವಳ ತೊಡೆಯ ಮೇಲಿತ್ತು. ಎದುರಿಗೆ ಬೆಟ್ಟದ ಸಾಲು ಮೋಡದಲ್ಲಿ ಮುಚ್ಚಿಹೋಗಿತ್ತು. ಆಷಾಢದ ಗಾಳಿಗೆ ಕಿಟಕಿ ಪಕ್ಕದಲ್ಲಿದ್ದ ಅವಳ ಸೆರಗು ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವಳು ಎಳೆದು ಸಿಕ್ಕಿಸಿಕೊಂಡಳು.

ರೈತರ ಜಾಗದಲ್ಲಿ ನಾನೂ ಅವರೂ ಸೇರಿ ಸುಣ್ಣದ ಪುಡಿಯಲ್ಲಿ ಶೆಡ್ಡನ್ನು ನೆಲದ ಮೇಲೆ ನಿಜದ ಅಳತೆಗೆ ಬರೆದೆವು. ಮಾಂಬಳ್ಳಿಯ ಪ್ಲಾನಿನಂತೆಯೇ ಬರೆದೆ: ಇಲ್ಲಿ ಬೇಯಿಸುವ ಕೋಣೆ, ಇಲ್ಲಿ ಬಾಗಿಲು, ಅಲ್ಲಿ ಯಂತ್ರಗಳ ಸಾಲು. ಮೆಟ್ಟಿಲಿದ್ದ ಕಡೆ ಒಂದು ಸಾಲು ಇಟ್ಟಿಗೆ ಇಟ್ಟೆ. ರೈತರ ಹೆಂಡತಿ ಬಾವಿಯ ನೀರು ತಂದು ಬೋಸಿ ತುಂಬಿಸಿದರು. ಅವರ ತವರು ತಮಿಳುನಾಡಿನ ಕಡೆ. ಕನ್ನಡಕ್ಕೆ ತಮಿಳು ಬೆರೆಸಿ, ಇದೇನು ಮಕ್ಕಳಾಟ ಎಂಬಂತೆ ಏನೋ ಹೇಳಿ ನಗುತ್ತಿದ್ದರು.

ಅವಳು ಬೋಸಿ ಎತ್ತಿ ಹೊಟ್ಟೆಗೆ ಆನಿಸಿಕೊಂಡು ನಡೆದಳು. ಸುಟ್ಟ ಕಾಲು ಸ್ವಲ್ಪ ಎಳೆಯುತ್ತಿತ್ತು. ಇಟ್ಟಿಗೆಯ ಸಾಲಿನ ಹತ್ತಿರ ಬಂದು ನಿಂತಳು. ನಿಂತವಳು ಹೆಜ್ಜೆ ಎತ್ತಲಿಲ್ಲ. ಬೋಸಿಯ ನೀರು ಅಲುಗಾಡಿ ಅಂಚಿನಿಂದ ಚೆಲ್ಲಿತು. ಅದು ತಣ್ಣೀರು, ಸುತ್ತ ಬರೀ ಬಯಲು, ಇಟ್ಟಿಗೆಯ ಸಾಲು ಗೇಣೆತ್ತರವೂ ಇರಲಿಲ್ಲ. ರೈತರ ಹೆಂಡತಿಯ ನಗು ನಿಂತಿತು. ನಾನು ಹತ್ತಿರ ಹೋಗಿ, ಬೇಡ ಬಿಡು, ಇಳಿಸು ಎಂದೆ. ವಸಿ ಸುಮ್ಕಿರಿ ಎಂದಳು. ಹಿಂದಕ್ಕೆ ಎರಡು ಹೆಜ್ಜೆ ಬಂದು ಬೋಸಿಯನ್ನು ನೆಲಕ್ಕೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಆ ಸುಣ್ಣದ ಗೆರೆಗಳನ್ನೆಲ್ಲ ಒಂದು ಸಲ ಸುತ್ತ ನೋಡಿದಳು.

“ಅಕ್ಕ, ಈ ಬಿಸಿನೀರ್ನ ಯಾಕ ಒತ್ಕಂಡೋಗಬೇಕು? ಒಲೆನೇ ಅಲ್ಲಿಗ ಓಗಕಾಗದಾ?”

ನಾನು ಮೆಟ್ಟಿಲು ಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಹೊರುವುದೇ ಬೇಡ ಎನ್ನುವುದು ನನಗೆ ಹೊಳೆದಿರಲಿಲ್ಲ. ಆದರೂ ಓದಿದವಳಂತೆ ವಾದ ಮಾಡಿದೆ. ಹಾಲಿನೊಳಗೆ ಒಲೆ ಬಂದರೆ ಹೊಗೆ ತುಂಬುತ್ತದೆ, ಸೌದೆ ಹೊತ್ತವರು ಯಂತ್ರಗಳ ನಡುವೆ ಓಡಾಡಬೇಕಾಗುತ್ತದೆ, ಬೆಂಕಿಯ ಪಕ್ಕ ಯಾರು ಕೂರುತ್ತಾರೆ ಎಂದೆ.

“ನಮ್ ಬಚ್ಚಲ್ ಒಲೆ ಎಂಗದ? ಉರಿ ಆಚ, ಅಂಡೆ ಒಳಗ,” ಎಂದಳು.

ನನ್ನ ಅವ್ವನ ಮನೆಯ ಬಚ್ಚಲೂ ಹಾಗೆಯೇ ಇತ್ತು. ಒಲೆಯ ಬಾಯಿ ಗೋಡೆಯಾಚೆ ಹಿತ್ತಿಲಲ್ಲಿ, ಹಂಡೆ ಗೋಡೆಯೀಚೆ. ಹೊರಗೆ ಉರಿ ಹಾಕುವುದು, ಒಳಗೆ ನೀರು ತೋಡಿಕೊಳ್ಳುವುದು. ಅಂಥ ಬಚ್ಚಲಿನಲ್ಲಿ ಮಿಂದು ಬೆಳೆದವಳು ನಾನು. ಇಷ್ಟು ವರ್ಷ ಪ್ಲಾನ್ ಬರೆದರೂ ಅದು ನೆನಪಿಗೆ ಬಂದಿರಲಿಲ್ಲ.

ಗೆರೆಗಳನ್ನು ಕಾಲಿನಿಂದ ಅಳಿಸಿ ಮತ್ತೆ ಬರೆದೆವು. ಬೇಯಿಸುವ ತೊಟ್ಟಿ ಹಾಲಿನ ಗೋಡೆಗೇ ಬಂತು, ಅದರ ಉರಿ ಆಚೆ ಬದಿಯ ತಗ್ಗಿಗೆ. ರೈತರು ಒಂದೇ ವಿಷಯಕ್ಕೆ ಪಟ್ಟು ಹಿಡಿದರು, ಒಲೆ ಆಗ್ನೇಯ ಮೂಲೆ ಬಿಟ್ಟು ಕದಲಬಾರದು ಎಂದು. ಒಲೆ ಮೂಲೆಯಲ್ಲೇ ಇರಲಿ, ಯಂತ್ರಗಳ ಎರಡು ಸಾಲೂ ಆ ಮೂಲೆಗೆ ಬಂದು ಸೇರಲಿ ಎಂದು ಶೆಡ್ಡನ್ನೇ ಮೊಣಕೈಯಂತೆ ಬಗ್ಗಿಸಿ ಬರೆದೆ. ಯಾವ ಯಂತ್ರಕ್ಕಾದರೂ ತೊಟ್ಟಿಯಿಂದ ನಾಲ್ಕು ಹೆಜ್ಜೆಗಿಂತ ಹೆಚ್ಚು ಆಗಲಿಲ್ಲ. ಅದಕ್ಕೂ ಬೋಸಿ ಬೇಡ, ನೀರು ಸೋರುವ ಜಾಲರಿ ಸೌಟು ಸಾಕು ಎಂದಳು ಅವಳು.

ಅವಳಿಗೆ ಈಗ ಕಾಲಿನ ನೋವು ಮರೆತಂತಿತ್ತು. ಸಾಲುಗಳ ನಡುವೆ ಓಡಾಡಿ, ಇಲ್ಲಿ ಇಬ್ಬರು ಎದುರುಬದುರಾದರೆ ಒಬ್ಬಳು ಎಲ್ಲಿ ನಿಲ್ಲಬೇಕು ಎಂದು ಕೇಳಿದಳು. ನೆಲದ ನೀರು ಹರಿದುಹೋಗುವ ಚರಂಡಿ ಕೂತವರ ಬೆನ್ನ ಹಿಂದೆ ಬೇಡ, ಮುಂದೆ ಕಣ್ಣಿಗೆ ಬೀಳುವಂತೆ ಇರಲಿ ಎಂದಳು. ಕರೆಂಟಿನ ಬೋರ್ಡು ಎಲ್ಲಿ ಎಂದು ಕೇಳಿ, ನಾನು ತೋರಿಸಿದ ಜಾಗ ಬೇಡವೆಂದು ತಲೆಯಾಡಿಸಿದಳು. ಒದ್ದೆ ಕೈ ಅಲ್ಲಿಗೆ ಮುಟ್ಟುತ್ತದೆ, ಹಳೆಯ ಶೆಡ್ಡಿನಲ್ಲಿ ಮೂರು ಸಲ ತನಗೆ ಜುಮ್ಮೆಂದಿದೆ, ಅದನ್ನು ಬಾಗಿಲ ಹತ್ತಿರ ಒಣ ಜಾಗಕ್ಕೆ ಹಾಕಿ ಎಂದಳು. ನಾನು ಎಲ್ಲವನ್ನೂ ಬರೆದುಕೊಂಡೆ. ಬರೆದದ್ದನ್ನು ಅವಳ ಎದುರಿಗೇ ಓದಿ ಹೇಳಿದೆ. ರೈತರ ಹೆಂಡತಿ ನಮ್ಮಿಬ್ಬರಿಗೂ ಮಜ್ಜಿಗೆ ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆ ಹೋದಳು. ತಲೆ ಒಂದೆರಡು ಸಲ ನನ್ನ ಭುಜಕ್ಕೆ ತಾಗಿತು. ಕೊಳ್ಳೇಗಾಲದಲ್ಲಿ ಅವಳನ್ನು ಯಳಂದೂರಿನ ಬಸ್ಸಿಗೆ ಹತ್ತಿಸಿದೆ. ಅವಳು ಹಿಂತಿರುಗಿ ನೋಡಲಿಲ್ಲ. ನೋಡಲಿ ಎಂದು ನಾನು ಬಸ್ಸು ಹೊರಡುವವರೆಗೂ ನಿಂತಿದ್ದೆ.

ಎಂಜಿನಿಯರರು ಹೊಸ ಪ್ಲಾನನ್ನು ಬಹಳ ಹೊತ್ತು ನೋಡಿದರು. ಇದನ್ನು ಯಾರು ಹೇಳಿದರು ಎಂದು ಕೇಳಿದರು. ಅಲ್ಲಿ ಕೆಲಸ ಮಾಡಿದವಳು ಎಂದೆ. ಮಾಲೀಕರು ಒಪ್ಪಿದ್ದಾರಾ ಎಂದು ಕೇಳಿ, ಒಪ್ಪಿದ್ದಾರೆ ಎಂದಮೇಲೆ ರುಜು ಹಾಕಿದರು. ಇನ್ನು ಮೇಲೆ ಇಂಥದ್ದಕ್ಕೆಲ್ಲ ರಜ ಹಾಕಬೇಡ ಎಂದರು. ಆಫೀಸಿನ ಕೆಲಸದ ಲೆಕ್ಕದಲ್ಲೇ ಹೋಗಿ ಬಾ ಎಂದೋ, ಹೋಗಲೇಬೇಡ ಎಂದೋ ನನಗೆ ಸ್ಪಷ್ಟವಾಗಲಿಲ್ಲ. ನಾನು ಮೊದಲನೆಯ ಅರ್ಥ ಹಿಡಿದುಕೊಂಡೆ. ಅದಾದ ಮೇಲೆ ಅವರೂ ಬೇಡವೆನ್ನಲಿಲ್ಲ.

ಶ್ರಾವಣದಲ್ಲಿ ಪಾಯ ತೆಗೆದರು. ಯುಗಾದಿಗೆ ಮೊದಲು ಶೆಡ್ಡಿನ ಪೂಜೆ ಆಯಿತು. ಆಫೀಸಿಗೆ ಕರೆಯೋಲೆ ಬಂದಿತ್ತು, ಎಂಜಿನಿಯರರು ಹೋಗಿಬಂದು ನನಗೆ ಒಂದು ಪೊಟ್ಟಣ ಸಿಹಿ ತಂದುಕೊಟ್ಟರು.

ಕೆಲಸ ಶುರುವಾಗಿ ಒಂದು ವರ್ಷ ಕಳೆದ ಮೇಲೆ ಹನೂರಿನಲ್ಲಿ ಬೇರೆ ಅಳತೆಗೆಂದು ಹೋದವಳು ಅಲ್ಲಿಗೂ ಹೋದೆ. ರೈತರು ಊರಲ್ಲಿರಲಿಲ್ಲ. ಹತ್ತು ಹನ್ನೆರಡು ಹೆಂಗಸರು ಕೆಲಸ ಮಾಡುತ್ತಿದ್ದರು. ತೊಟ್ಟಿಯ ಹತ್ತಿರ ನಿಂತವಳು ಸೌಟಿನಲ್ಲಿ ಗೂಡು ಎತ್ತಿ ಪಕ್ಕದವಳಿಗೆ ಹಾಕುತ್ತಾ ಏನೋ ಮನೆಯ ಸುದ್ದಿ ಹೇಳುತ್ತಿದ್ದಳು. ಯಾರ ಕಣ್ಣೂ ನೆಲದ ಮೇಲಿರಲಿಲ್ಲ. ನೆಲ ನೋಡುವ ಅಗತ್ಯ ಅಲ್ಲಿ ಇರಲಿಲ್ಲ. ನನ್ನನ್ನು ಯಾರೆಂದು ಕೇಳಿದರು. ಕಟ್ಟಡ ನೋಡಲು ಬಂದೆ ಎಂದೆ. ರೇಷ್ಮೆ ಇಲಾಖೆಯವಳು ಎಂದುಕೊಂಡರೋ ಏನೋ, ಒಂದು ಕುರ್ಚಿ ಹಾಕಿ ನೀರು ಕೊಟ್ಟರು.

ಇಲ್ಲಿ ಏನಾದರೂ ತೊಂದರೆ ಇದೆಯಾ ಎಂದು ಕೇಳಿದೆ. ಒಬ್ಬಳು ಥಟ್ಟನೆ ಹೇಳಿದಳು, ಕಕ್ಕಸ್ಸು ದೂರ, ತೋಟದಾಚೆ, ಮಳೆ ಬಂದರೆ ದಾರಿಯೆಲ್ಲ ಜಾರುತ್ತದೆ, ಅದಕ್ಕೇ ನಾವೆಲ್ಲ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇವೆ ಎಂದು. ನಾನೂ ಮಾಂಬಳ್ಳಿಯವಳೂ ಇಡೀ ದಿನ ಆ ಬಯಲಿನಲ್ಲಿ ನಡೆದಾಡಿದ್ದೆವು, ಅದೊಂದನ್ನು ಇಬ್ಬರೂ ಕೇಳಿರಲಿಲ್ಲ. ಡೈರಿಯಲ್ಲಿ ಬರೆದುಕೊಂಡು, ರೈತರಿಗೆ ಫೋನಿನಲ್ಲಿ ತಿಳಿಸಿದೆ. ನೋಡೋಣ ಎಂದರು.

ಆ ವಾರವೇ ಮಾಂಬಳ್ಳಿಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಬಾಗಿಲಲ್ಲಿ ನಿಂತು ಕೇಳಿದಳು.

“ಯಾರೂ ಬಿದ್ದಿಲ್ವಾ?”

“ಇಲ್ಲ.”

“ಅಲ್ಲಿರೋರ್ಗ ಗೊತ್ತಾ, ನಾನು ಬಂದಿದ್ದು?”

ಗೊತ್ತಿಲ್ಲ ಎಂದೆ. ನಾನೂ ಹೇಳಲಿಲ್ಲ ಎಂದೆ. ಅವಳು ಸ್ವಲ್ಪ ಯೋಚಿಸಿ, “ಸರಿ ಬುಡಿ. ಯಾರಾರ ಬಿದ್ದಿದ್ರ ತಾನೇ, ಯಾರು ಮಾಡಿದ್ದು ಅಂತ ಕೇಳರು,” ಎಂದಳು. ಆಮೇಲೆ ಒಳಗೆ ತಿರುಗುತ್ತಾ, “ಊಟ ಆಯ್ತಾ?” ಎಂದು ಕೇಳಿದಳು.

ಆಯ್ತು ಎಂದೆ. ಆಗಿರಲಿಲ್ಲ. ಒಳಗಿಂದ ಬಿಸಿ ಮುದ್ದೆಯ ವಾಸನೆ ಬರುತ್ತಿತ್ತು. ಅವ್ವ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ, ಕೇಳಿದಾಗ ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ. ಅವಳು ಇನ್ನೊಂದು ಸಲ ಕೇಳುತ್ತಾಳೇನೋ ಎಂದು ಒಂದು ಗಳಿಗೆ ನಿಂತೆ. ಅವಳು ಒಳಗೆ ಹೋಗಿ ಪಾತ್ರೆ ಸರಿಸುವ ಸದ್ದು ಕೇಳಿಸಿತು. ನಾನು ಬರುತ್ತೇನೆ ಎಂದು ಹೇಳಿ ಬಸ್ಸಿನ ರಸ್ತೆಯ ಕಡೆ ನಡೆದೆ.